ಡಾಕ್ಟರ್ ನಿಶಾತ ಕೇಳುವ ಪ್ರಶ್ನೆ

ಗದಗದ ಹೃದಯತಜ್ಞೆ ಡಾಕ್ಟರ್ ನಿಶಾತ ಹೆಂಗಸರನ್ನು ‘ಎದಿ ನೋಯತೈತೇನು?’ ಎಂದು ಕೇಳುವುದೇ ಇಲ್ಲ; ಕೇಳಿದರೆ ಎಲ್ಲರೂ ‘ಇಲ್ರಿ’ ಅನ್ನುತ್ತಾರೆ. ಅದರ ಬದಲು ಡಾಕ್ಟರ್ ‘ರೊಟ್ಟಿ ಬಡಿಯೂ ಮುಂದ ನಡುವ ಕೈ ನಿಲ್ಲತಾವೇನವಾ?’ ಎನ್ನುತ್ತಾರೆ. ಕಾಯಿಲೆ ಅಲ್ಲೇ ಸಿಕ್ಕಿಬೀಳುತ್ತದೆ. ಸಂಜೆ ಪ್ರಯೋಗಾಲಯದಲ್ಲಿ ಜೀವಕೋಶಗಳಿಂದ ಹೃದಯದ ಸ್ನಾಯು ಬೆಳೆಸುತ್ತಾರೆ. ಗಾಜಿನ ತಟ್ಟೆಯಲ್ಲಿ ಅದು ಮಿಡಿಯುವುದನ್ನು ಫೋನಿನಲ್ಲಿ ಕಂಡಕಂಡವರಿಗೆಲ್ಲ, ಹಾಲಿನವನಿಗೂ, ತೋರಿಸುತ್ತಾರೆ. ಒಮ್ಮೆ ಚಿಕಿತ್ಸೆಗೆ ಬಂದ ಹಮ್ಮಿಗಿ ಊರಿನ ಫಕ್ಕೀರವ್ವನಿಗೂ ತೋರಿಸಿದರು. ಅವಳ ಹೃದಯದ ಅರ್ಧ ಸ್ನಾಯು ಸತ್ತಿತ್ತು. ಇನ್ನು ದುಡಿದರೆ ಉಳಿಯುವಂತಿರಲಿಲ್ಲ. ‘ಇದನ್ನ ನನಗ ಹಚ್ಚಿದ್ರ ಮತ್ತ ಮನಿಮಂದಿಗೆಲ್ಲಾ ರೊಟ್ಟಿ ಬಡೀಬಹುದೇನ್ರಿ?’ ಎಂದಳು ಆಸೆಯಿಂದ. ಡಾಕ್ಟರ್ ಫೋನು ಕೆಳಗಿಟ್ಟು, ಹೊರಗೆ ಕೂತಿದ್ದ ಅವಳ ಗಂಡನನ್ನು ಕೂಗಿದರು: ‘ಪುಂಡಲೀಕಪ್ಪಾರ, ಒಳಗ ಬರ್ರಿ. ಕೈ ತೋರಸ್ರಿ. ಹ್ಞಾಂ, ಹಿಟ್ಟು ನಾದಾಕ ಗಟ್ಟಿ ಅದಾವು.’