ಕಾಶಿಯ ಮಾವು, ಕಾನ್ವೆಂಟಿನ ಸಕ್ಕರೆ

ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್‌ಗೆ ಒಂದು ಪದ್ಧತಿ ಇತ್ತು. ತಿಂಗಳಿಗೊಂದು ಸಣ್ಣ ವರ್ಬ್ ಆರಿಸಿ, ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆಸುತ್ತಿದ್ದರು. ಎಡಗಡೆ ಅವರು ಬೋರ್ಡಿನ ಮೇಲೆ ಬರೆದ ಇಂಗ್ಲಿಷ್ ವಾಕ್ಯಗಳು. ಬಲಗಡೆ ಖಾಲಿ. ಅದನ್ನು ಮನೆಗೆ ಒಯ್ದು, ಮನೆಯವರ ಬಾಯಿಂದ ಬಂದ ಮಾತಿನಿಂದಲೇ ತುಂಬಬೇಕು. ಡಿಕ್ಷನರಿ ನೋಡಿ ಬರೆದರೆ ಸೊನ್ನೆ. ಐರ್ಲೆಂಡಿನಿಂದ ಬಂದಿದ್ದ ಆಕೆಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾವು ಬರೆದದ್ದನ್ನು ನಮ್ಮಿಂದಲೇ ಓದಿಸಿ, ತಲೆ ಸ್ವಲ್ಪ ಓರೆ ಮಾಡಿಕೊಂಡು ಕೇಳುತ್ತಿದ್ದರು.

ಯುದ್ಧ ನಡೆಯುತ್ತಿದ್ದ ವರ್ಷಗಳು. ನನಗೆ ಹದಿಮೂರು. ಕೋಲಾರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ಅಪ್ಪ ಮುಳಬಾಗಿಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಅಮ್ಮ ಅವರ ಜೊತೆ. ಬೇಸಿಗೆ ರಜಕ್ಕೆ ಮುಂಚೆ ಸಿಸ್ಟರ್ ಕೊಟ್ಟ ವರ್ಬ್ "ಗಿವ್ ಅಪ್".

ಎಷ್ಟು ಸುಲಭ ಅಂದುಕೊಂಡಿದ್ದೆ. ಬಿಡು ಅಂತ ಬರೆದರೆ ಮುಗಿಯಿತಲ್ಲ. ಆದರೆ ಎಡಗಡೆಯ ವಾಕ್ಯಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಬ್ಬ ರೈಲಿನಲ್ಲಿ ಮುದುಕನಿಗೆ ಸೀಟು ಗಿವ್ ಅಪ್ ಮಾಡಿದ. ಡಾಕ್ಟರು ರೋಗಿಯನ್ನು ಗಿವ್ ಅಪ್ ಮಾಡಿದರು. ಕಳ್ಳ ಪೊಲೀಸರ ಮುಂದೆ ತನ್ನನ್ನೇ ಗಿವ್ ಅಪ್ ಮಾಡಿಕೊಂಡ. ಒಗಟು ಬಿಡಿಸಲಾರದ ಹುಡುಗಿ ಐ ಗಿವ್ ಅಪ್ ಅಂದಳು. ಕೊನೆಯ ವಾಕ್ಯ ಸಿಸ್ಟರ್ ತಮ್ಮದೇ ಬರೆದಿದ್ದರು: ಲೆಂಟ್ ದಿನಗಳಿಗೆ ನಾನು ಸಕ್ಕರೆ ಗಿವ್ ಅಪ್ ಮಾಡಿದ್ದೇನೆ.

ಅದು ನಿಜವೇ. ಈಸ್ಟರ್‌ಗೆ ಮುಂಚಿನ ಆ ನಲವತ್ತು ದಿನ ಆಕೆ ಟೀಗೆ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ. ಸಕ್ಕರೆ ಎಂದರೆ ಆಕೆಗೆ ಪ್ರಾಣ ಎಂದು ಇಡೀ ಕ್ಲಾಸಿಗೆ ಗೊತ್ತು. ಈಸ್ಟರ್ ಮುಗಿದ ಮರುದಿನ ವರಾಂಡದಲ್ಲಿ ಕೂತು ಎರಡು ಚಮಚ ಹಾಕಿಕೊಂಡು ಕುಡಿದದ್ದನ್ನು ನಾನೇ ಹಿಂದಿನ ವರ್ಷ ನೋಡಿದ್ದೆ. ಆ ಮುಖ ಈಗಲೂ ಕಣ್ಣ ಮುಂದಿದೆ.

ಆ ಲೆಂಟ್ ನಡುವೆಯೇ ಅತ್ತೆಗೆ ಅಪ್ಪನ ಕಾಗದ ಬಂತು. ಮಗಳಿಗೆ ಹದಿಮೂರು ತುಂಬಿತು, ಇಂಗ್ಲಿಷ್ ಕಲಿತದ್ದು ಸಾಕು, ಜೂನಿನಿಂದ ಮುಳಬಾಗಿಲಿಗೇ ಬಂದುಬಿಡಲಿ, ಅವಳಮ್ಮನಿಗೆ ಕೈಯಾಸರೆಯಾಗುತ್ತದೆ ಎಂದು ಬರೆದಿದ್ದರು. ಬೈಗುಳವಿಲ್ಲ, ಕೋಪವಿಲ್ಲ. ಕಚೇರಿಯ ಕಾಗದದಷ್ಟೇ ಸ್ವಚ್ಛ. ಅತ್ತೆ ಓದಿ ಮಡಿಸಿ ಗೋಡೆಯ ಗೂಡಿನಲ್ಲಿಟ್ಟರು. ನಾನು ಅದನ್ನು ತೆಗೆದು ಓದಿದೆ. ಇಂಕಿನ ವಾಸನೆ, ಚಾಕ್‌ಪುಡಿ, ಮಧ್ಯಾಹ್ನದ ಬೆಲ್ಲು, ಸಿಸ್ಟರ್ ಓರೆ ಮಾಡಿದ ತಲೆ, ಎಲ್ಲವೂ ಜೂನಿನಲ್ಲಿ ನನ್ನನ್ನು ಬಿಟ್ಟು ಮುಂದುವರಿಯುತ್ತವೆ ಅನ್ನಿಸಿತು. ಅಷ್ಟು ದುಃಖ ಆಮೇಲೆ ಮದುವೆಯಾಗಿ ಹೊರಟಾಗಲೂ ಆಗಲಿಲ್ಲ.

ಇನ್ನು ಅವ್ವನ ವಿಷಯ. ಅಪ್ಪನ ತಾಯಿ ತೆಲುಗು ಸೀಮೆಗೆ ಅಂಟಿದ ರಾಯಲ್ಪಾಡಿನ ಕಡೆಯಾಕೆ. ಆ ಕಡೆ ಅಜ್ಜಿಯನ್ನು ಅವ್ವ ಅನ್ನುವುದು ರೂಢಿ, ನಾವೂ ಹಾಗೇ ಕರೆಯುತ್ತಿದ್ದೆವು. ಶ್ರೀನಿವಾಸಪುರದಲ್ಲಿ ತಾತನಿಗೆ ಮಾವಿನ ತೋಪಿತ್ತು. ಆ ವರ್ಷ ಚಳಿಗಾಲದಲ್ಲಿ ಇಬ್ಬರೂ ಕಾಶಿಗೆ ಹೋಗಿಬಂದಿದ್ದರು. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ತಿನ್ನಬಾರದು. ಜಾಣರು ತಮಗೆ ಸೇರದ್ದನ್ನೇ ಬಿಡುತ್ತಾರೆ. ತಾತ ಹಾಗಲಕಾಯಿ ಬಿಟ್ಟರು. ಅವ್ವ ಮಾವಿನಹಣ್ಣು ಬಿಟ್ಟಳು. ತಾತ ಊರಿಗೆ ಬಂದಮೇಲೂ ಅದನ್ನೇ ಹೇಳಿಕೊಂಡು ನಗುತ್ತಿದ್ದರಂತೆ, ಇವಳು ಗಂಗೆಗೆ ಮೋಸ ಮಾಡೋಕೂ ಬಾರದೋಳು ಎಂದು.

ಈ ಎರಡನ್ನೂ ನಾನು ಒಂದೇ ಎಂದುಕೊಂಡೆ. ಸಿಸ್ಟರ್ ಬಿಟ್ಟದ್ದೂ ಅವ್ವ ಬಿಟ್ಟದ್ದೂ ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಪುಟದ ಮೇಲೆ ಬರಬೇಕಿತ್ತಲ್ಲ. ಒಂದು ಸೋಮವಾರ ಅತ್ತೆ ಅಂತರಗಂಗೆಗೆ ಹೊರಟಾಗ ನಾನೂ ಬರ್ತೀನಿ ಅಂದೆ. ಕೋಲಾರದವರಿಗೆ ಅದೇ ಕಾಶಿ. ಕಲ್ಲುಬಸವನ ಬಾಯಿಂದ ಸದಾ ಬೀಳುವ ನೀರು ಗಂಗೆಯದ್ದೇ ಎಂದು ನಂಬಿಕೆ. ಅತ್ತೆ ಗುಡಿಯಲ್ಲಿ ಪ್ರದಕ್ಷಿಣೆ ಹಾಕುತ್ತಿರುವಾಗ ನಾನು ಬಸವನ ಬಾಯ ಕೆಳಗೆ ಬೊಗಸೆಯೊಡ್ಡಿ, ನನ್ನನ್ನು ಸ್ಕೂಲು ಬಿಡಿಸಬಾರದು, ಅದಕ್ಕೆ ನಾನು ಮಾವಿನಹಣ್ಣು ಬಿಟ್ಟಿದ್ದೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಇಂಗ್ಲಿಷಿನಲ್ಲೂ ಒಂದು ಸಲ ಹೇಳಿದೆ, ಎರಡೂ ಕಡೆಗೆ ಇರಲಿ ಎಂದು. ಜೂನ್ ತನಕ ತಾನೇ, ತಡೆದುಕೊಳ್ಳಬಹುದು. ಆಮೇಲೆ ಸಿಸ್ಟರ್‌ಗೆ ಈಸ್ಟರ್ ಬಂದ ಹಾಗೆ ನನಗೂ ಬರುತ್ತದೆ.

ರಜಕ್ಕೆ ಚಿಕ್ಕ ರೈಲಿನಲ್ಲಿ ಶ್ರೀನಿವಾಸಪುರಕ್ಕೆ ಹೋದೆ. ಮನೆಯ ಹಿಂದಿನ ಕೋಣೆಯ ತುಂಬ ಹುಲ್ಲು ಹಾಸಿ ಕಾಯಿ ಹಣ್ಣಿಗೆ ಹಾಕಿದ್ದರು. ಬಾಗಿಲು ತೆರೆದರೆ ಬಿಸಿ ಬಿಸಿ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಅವ್ವ ಬೆಳಗಾಗೆದ್ದು ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ, ತೊಟ್ಟಿನ ಕಡೆ ಮೂಗಿಟ್ಟು, ಇದು ಇವತ್ತಿಗೆ, ಇದು ನಾಳಿದ್ದಿಗೆ ಎಂದು ಬೇರೆ ಮಾಡುತ್ತಿದ್ದಳು. ಮೂಗಿಟ್ಟದ್ದು ಕೆಲವೊಮ್ಮೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇರುತ್ತಿತ್ತು.

ನಾನು ಪಕ್ಕದಲ್ಲಿ ಕೂತು ನೋಟ್‌ಬುಕ್ ತುಂಬುತ್ತಿದ್ದೆ. ಸೀಟು ಬಿಟ್ಟುಕೊಡೋದು. ಡಾಕ್ಟರು ಕೈಬಿಟ್ಟರು. ಕಳ್ಳ ಬಂದು ಒಪ್ಪಿಸ್ಕೊಂಡ. ಒಗಟಿಗೆ ಸೋತೆ ಅಂದರೆ ಸಾಕು. ಅವ್ವ ಕನ್ನಡದಲ್ಲೊಂದು ತೆಲುಗಿನಲ್ಲೊಂದು ಹೇಳುವಳು. ತೆಲುಗಿನಲ್ಲಿ ಹೇಳಿದಾಗ ಅವಳ ದನಿ ಚಿಕ್ಕ ಹುಡುಗಿಯದಾಗುತ್ತಿತ್ತು. ಇಷ್ಟು ಬಗೆಯಾಗಿ ಬಿಡೋ ಜನ ಯಾವಾಗ ತಿಂತಾರೆ ಯಾವಾಗ ಮಲಗ್ತಾರೆ ಎಂದು ಒಮ್ಮೆ ಕೇಳಿದಳು.

ನಾಲ್ಕನೆಯ ದಿನ ಅವಳಿಗೆ ಗೊತ್ತಾಗಿಹೋಯಿತು.

"ಏನೇ, ಬಂದಾಗಿನಿಂದ ಹಣ್ಣು ಮುಟ್ಟಿಲ್ಲ. ಹೊಟ್ಟೆ ಸರಿ ಇಲ್ವಾ?"

ಬಿಟ್ಟಿದ್ದೀನಿ ಅಂದೆ. ಎಲ್ಲಿ ಅಂದಳು. ಅಂತರಗಂಗೆ ಅಂದೆ. ಅಪ್ಪನ ಕಾಗದ, ಸಿಸ್ಟರ್ ಸಕ್ಕರೆ, ಜೂನ್ ಲೆಕ್ಕ ಎಲ್ಲ ಹೇಳಿದೆ. ಅವ್ವನ ಕೈಯಲ್ಲಿದ್ದ ಹಣ್ಣು ಹುಲ್ಲಿನ ಮೇಲೆ ಕೂತಿತು.

"ನಿಮ್ಮ ಸಿಸ್ಟರಮ್ಮ ಸಕ್ಕರೆ ಡಬ್ಬಿ ಮುಚ್ಚಿಟ್ಟಿದ್ರು, ಅಷ್ಟೆ. ಗಂಗೇಲಿ ಬಿಟ್ಟದ್ದು ಮುಚ್ಚಿಟ್ಟದ್ದಲ್ಲ ಅಮ್ಮಣ್ಣಿ, ಹೋಯ್ತು. ನಾನು ಅರವತ್ತು ಬೇಸಿಗೆ ತಿಂದು ಬಿಟ್ಟೋಳು ಕಣೇ. ನೀನು ಏನು ತಿಂದಿದ್ದೀಯ ಅಂತ?"

ನನಗೆ ಅಳು ಬಂತು. ಸಮಾಧಾನ ಮಾಡುವುದಕ್ಕೋ ಏನೋ, ಇನ್ನೂ ದಾರಿ ಇದೆ ಎಂದಳು. ಕೇಳಿದ್ದು ಸಿಗದೆ ಹೋದರೆ ಗಂಗೆಗೆ ಕೊಟ್ಟ ಮಾತು ಬಿದ್ದುಹೋಗುತ್ತದೆ, ಧಾರಾಳವಾಗಿ ತಿನ್ನಬಹುದು. ಸಿಕ್ಕಿದರೆ ಮಾತ್ರ ಇಲ್ಲ. ಅಂದರೆ ಸ್ಕೂಲು ಬೇಕೋ ಹಣ್ಣು ಬೇಕೋ ಎನ್ನುವುದು ಈಗ ಅಪ್ಪನ ಬಾಯಲ್ಲಿತ್ತು. ಅಪ್ಪ ತಾಯಿಯ ಮಾತು ಮೀರುವವರಲ್ಲವಾದ್ದರಿಂದ ನಿಜವಾಗಿ ಅವ್ವನ ಬಾಯಲ್ಲೇ ಇತ್ತು. ಅವಳು ಸುಮ್ಮನಿದ್ದರೆ ನನಗೆ ಹಣ್ಣು ಉಳಿಯುತ್ತಿತ್ತು. ಎರಡು ದಿನ ಅವಳು ಹಣ್ಣು ಒತ್ತುವಾಗ ಸುಮ್ಮಸುಮ್ಮನೆ ನನ್ನ ಕಡೆ ನೋಡುವಳು.

ಮೂರನೆಯ ದಿನ ಅಪ್ಪ ಬಂದರು, ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ, ಮೈಯೆಲ್ಲ ಮಸಿಯಾಗಿ. ಕೈಕಾಲು ತೊಳೆದು ಬಂದವರೇ ರಸಪುರಿಯೊಂದನ್ನು ಆರಿಸಿ ಈಳಿಗೆಮಣೆಯ ಮುಂದೆ ಕೂತರು. ಹೆಂಗಸರ ಕೆಲಸ ಎನ್ನದೆ ಹಣ್ಣು ಮಾತ್ರ ಅವರೇ ಹೆಚ್ಚುತ್ತಿದ್ದರು. ಮೊದಲ ಹೋಳು ಯಾವಾಗಲೂ ನನ್ನದು. ನಾನು ಮಾತು ಕಲಿಯುವ ಮುಂಚಿನಿಂದ ಹಾಗೆಯೇ.

"ಬಾಮ್ಮ, ಯಜಮಾನಿ," ಎಂದು ಕೈ ಚಾಚಿದರು.

ನಾನು ಕಂಬ ಹಿಡಿದು ನಿಂತೆ. ಕೈ ಚಾಚಿಯೇ ಇತ್ತು. ರಸ ಅವರ ಮಣಿಕಟ್ಟಿಗೆ ಇಳಿಯಿತು.

"ಅವಳು ಬಿಟ್ಟಿದ್ದಾಳೆ ಕಣೋ," ಎಂದಳು ಅವ್ವ ಅಡಿಗೆಮನೆಯ ಬಾಗಿಲಿಂದ. "ನಿನ್ನ ಕಾಗದ ಓದಿ, ಅಂತರಗಂಗೆಗೆ ಹೋಗಿ ಬಿಟ್ಟು ಬಂದಿದ್ದಾಳೆ. ಸ್ಕೂಲಿಗೋಸ್ಕರ."

ಅಪ್ಪ ನನ್ನನ್ನು ನೋಡಿದರು. ಇವಳು ಯಾರು ಎಂದು ಹೊಸದಾಗಿ ಕೇಳುವ ಹಾಗಿತ್ತು ಆ ನೋಟ. ಅದಕ್ಕೇನಂತೆ, ಸ್ಕೂಲಿಗೂ ಹೋಗಲಿ ಹಣ್ಣೂ ತಿನ್ನಲಿ, ಯಾರು ಬೇಡ ಅಂದರು ಎಂದು ನಗುವುದಕ್ಕೆ ನೋಡಿದರು. ಹಾಗಾಗಲ್ಲ, ಎರಡರಲ್ಲಿ ಒಂದು ಹೇಳು ಎಂದಳು ಅವ್ವ. ಅಪ್ಪ ಈಳಿಗೆಯ ಮೇಲೆ ಕೂತ ನೊಣವನ್ನೇ ನೋಡುತ್ತಿದ್ದರು. ಕೊನೆಗೆ ಹೋಳನ್ನು ತಟ್ಟೆಗೆ ಹಾಕಿ, ತಲೆಯೆತ್ತದೆ ಹೇಳಿದರು.

"ಎಸ್ಸೆಸ್ಸೆಲ್ಸಿ ಆಗೋವರೆಗೂ ಓದ್ಲಿ."

ಅವ್ವ ಒಳಗೆ ಹೋದಳು. ಆ ಹೋಳನ್ನು ಯಾರೂ ತಿನ್ನಲಿಲ್ಲ.

ಜೂನಿನಲ್ಲಿ ಪುಟವನ್ನು ಸಿಸ್ಟರ್ ಮುಂದೆ ಓದಿದೆ. ಲೆಂಟ್ ವಾಕ್ಯದ ಎದುರು ಏನೂ ಬರೆದಿರಲಿಲ್ಲ. ಯಾಕೆ ಎಂದರು. ನಮ್ಮ ಮನೆಯಲ್ಲಿ ನಲವತ್ತು ದಿನಕ್ಕೆ ಬಿಡುವುದಿಲ್ಲ ಸಿಸ್ಟರ್ ಎಂದೆ. ಇನ್ನೂ ಏನೋ ಕೇಳಬೇಕೆಂದಿದ್ದವರು ನನ್ನ ಮುಖ ನೋಡಿ ಮುಂದಿನ ಹುಡುಗಿಯನ್ನು ಕರೆದರು. ಪೂರ್ತಿ ಅಂಕ ಕೊಟ್ಟಿದ್ದರು.

ಓದಿದೆ. ಪಾಸಾದೆ. ಆ ನಾಲ್ಕು ವರ್ಷ ನನಗೆ ಸಿಕ್ಕಿದ್ದು ಏನೆಂದು ಹೇಳತೊಡಗಿದರೆ ಮುಗಿಯುವುದಿಲ್ಲ. ಅದಕ್ಕಾಗಿ ನಾನು ಯಾವತ್ತೂ ಪಶ್ಚಾತ್ತಾಪಪಟ್ಟವಳಲ್ಲ. ಪ್ರತಿ ಬೇಸಿಗೆಯೂ ಅವ್ವ ಮತ್ತು ನಾನು ಹುಲ್ಲಿನ ಎರಡು ಬದಿಗೆ ಕೂತು ಹಣ್ಣು ಆರಿಸುತ್ತಿದ್ದೆವು, ಊರಿಗೆಲ್ಲ ಹಂಚುವ ಇಬ್ಬರು ತಿನ್ನದವರು. ತೊಟ್ಟಿನ ಕಡೆ ಮೂಗಿಡುವುದನ್ನು ನಾನು ಕಲಿತದ್ದು ಆಗಲೇ. ಅಪ್ಪ ಮಾತ್ರ ನನ್ನೆದುರು ಮತ್ತೆ ಹಣ್ಣು ಹೆಚ್ಚಲಿಲ್ಲ. ನಾನಿದ್ದರೆ ಈಳಿಗೆಮಣೆ ಮುಂದೆ ಕೂರುತ್ತಲೇ ಇರಲಿಲ್ಲ. ನಾಲಿಗೆ ರುಚಿ ಮರೆಯಿತು. ನಾನು ಹಂಬಲಿಸಿದ್ದು ಆ ಚಾಚಿದ ಕೈಗೆ.

ನನ್ನನ್ನು ಮಾಲೂರಿಗೆ ಕೊಟ್ಟರು. ಅವ್ವ ತೀರಿಕೊಂಡಳು. ಸ್ವಾತಂತ್ರ್ಯ ಬಂದ ಮೇಲಿನ ಒಂದು ಬೇಸಿಗೆಯಲ್ಲಿ ಅಪ್ಪ ನಮ್ಮ ಮನೆಗೆ ಬಂದು ಕೆಲವು ದಿನ ಇದ್ದರು. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದೆ. ಅವರು ಬುಟ್ಟಿಯಿಂದ ಮಾವಿನಹಣ್ಣೊಂದನ್ನು ತೆಗೆದು, ತಡವರಿಸಿಕೊಂಡು ಈಳಿಗೆಮಣೆಯ ಮುಂದೆ ಕೂತರು. ಬೇಡ ಅಪ್ಪ ಅಂದೆ, ಕೈ ಕುಯ್ದುಕೊಳ್ಳುತ್ತಾರೆಂದು. ಕೈಗೆ ಅಭ್ಯಾಸವಿತ್ತು. ಹೋಳು ನೀಟಾಗಿ ಬಂತು. ನನ್ನ ದನಿಯಿದ್ದ ಕಡೆಗೆ ಕೈ ಚಾಚಿದರು.

"ಸ್ಕೂಲು ಮುಗೀತಲ್ಲಮ್ಮ. ಈಗಲಾದ್ರೂ ತಗೋ."

ಇಷ್ಟು ವರ್ಷ ಇದನ್ನು ಹೊತ್ತುಕೊಂಡಿದ್ದರೆಂದು ನನಗೆ ಗೊತ್ತಿರಲಿಲ್ಲ. ಹತ್ತಿರ ಹೋಗಿ ಎರಡೂ ಕೈಯಲ್ಲಿ ತೆಗೆದುಕೊಂಡೆ. ಅವರು ಕಿವಿಯನ್ನು ನನ್ನ ಕಡೆ ತಿರುಗಿಸಿ ಕಾದರು.

"ಸಿಹಿ ಇದೆಯಾ?"

"ಹೂಂ, ಅಪ್ಪ. ತುಂಬಾ ಸಿಹಿ."

ಅವರು ಈಳಿಗೆಮಣೆಯ ಮುಂದೆಯೇ ಗೋಡೆಗೊರಗಿ ಕಣ್ಣು ಮುಚ್ಚಿದರು. ಹೋಳು ನನ್ನ ಅಂಗೈಯಲ್ಲೇ ಇತ್ತು. ರಸ ಮಣಿಕಟ್ಟು ದಾಟಿ ಮೊಣಕೈಗೆ ಇಳಿಯಿತು. ನಾನು ಅದನ್ನು ಒರೆಸಿಕೊಳ್ಳದೆ, ಅವರಿಗೆ ನಿದ್ದೆ ಹತ್ತಿ ಉಸಿರು ನಿಧಾನವಾಗುವವರೆಗೂ ಪಕ್ಕದಲ್ಲೇ ಕೂತಿದ್ದೆ.