ಕೀಬೋರ್ಡ್ ಇಲ್ಲದ ರೆಕಾರ್ಡಿಂಗು

ಅಕ್ಕನ ಗಂಟಲಲ್ಲಿ ಬೆಳೆದ ಗಂಟನ್ನು ಹುಬ್ಬಳ್ಳಿಯಲ್ಲಿ ತೆಗೆಸುವುದಿತ್ತು. ದನಿ ಬದಲಾದರೂ ಆಗಬಹುದು ಎಂದು ಡಾಕ್ಟರು ಹೇಳಿದ್ದರು. ಹಿಂದಿನ ದಿನ ರಟ್ಟೀಹಳ್ಳಿಯಿಂದ ಹಾನಗಲ್ಲಿನ ನಮ್ಮ ಮನೆಗೆ ಬಂದವಳು ಚೀಲ ಇಡುವ ಮೊದಲೇ, "ಅವ್ವನ ಹಾಡು ತುಂಬಿಸಿಡೋ ತಮ್ಮಾ. ನೀ ಪೇಟಿ ಬಾರಿಸು, ನಾ ಹಾಡ್ತೇನಿ" ಅಂದಳು. ಅವಳ ಬಾಯಲ್ಲಿ ಹಾರ್ಮೋನಿಯಮ್ಮೂ ಪೇಟಿ, ನಾನು ಬಾರಿಸುವ ಕೀಬೋರ್ಡೂ ಪೇಟಿ. ಅವ್ವ ರೊಟ್ಟಿ ಬಡಿಯುತ್ತ ಹಾಡುತ್ತಿದ್ದ ಆ ಹಾಡು ಈಗ ಪೂರ್ತಿ ಬರುವುದು ಅಕ್ಕನೊಬ್ಬಳಿಗೇ.

ನಾನು ಹುಟ್ಟಾ ಚಿಂತೆಯವನು. ನಡುವೆ ಕರೆಂಟು ಹೋದರೆ? ಹೊರಗೆ ಟ್ರ್ಯಾಕ್ಟರು ಬಂದರೆ? ಗದ್ದಲವಾದರೂ ತಪ್ಪಲೆಂದು ಕೀಬೋರ್ಡಿನಿಂದ ಕಂಪ್ಯೂಟರಿಗೆ ಹಾಕುವ ವೈರು ತರಲು ಹೋದೆ. "ಹೊರಗಿನ ಗದ್ದಲ ಒಂದೀಟೂ ಬರೂದಿಲ್ರಿ" ಎಂದ ಅಂಗಡಿಯವ. ಎರಡು ಸಲ ತಪ್ಪು ಪಿನ್ನಿನದು ತಂದು, ಮೂರನೆಯ ಸಲ ಸರಿಯಾದದ್ದು ಸಿಗುವ ಹೊತ್ತಿಗೆ ಬಿಸಿಲಲ್ಲಿ ಅಲೆದು ಸಾಕುಸಾಕಾಗಿತ್ತು.

ಮೊದಲು ಕೀಬೋರ್ಡಿನ ಧ್ವನಿ, ಆಮೇಲೆ ಅದರ ಮೇಲೆ ಅಕ್ಕನ ಹಾಡು ಎಂಬುದು ನನ್ನ ಲೆಕ್ಕ. ಕೀಬೋರ್ಡಿಗೆ ಇಯರ್‌ಫೋನ್ ಚುಚ್ಚಿದ್ದೇ ಅದು ಕೋಣೆಯ ಪಾಲಿಗೆ ಮೂಕವಾಯಿತು. ಅದರ ಒಂದು ತುದಿ ನನ್ನ ಕಿವಿಗೆ, ಇನ್ನೊಂದು ಅಕ್ಕನ ಕಿವಿಗೆ ಸಿಕ್ಕಿಸಿಕೊಂಡು ಇಬ್ಬರೂ ಕೂತೆವು.

"ನೀ ಸುಮ್ಮ ಕುಂದರು. ದನಿ ಉಳಿಸ್ಕೊ" ಎಂದೆ.

"ನಾ ಹಾಡದಿದ್ರ ಮೂರನೇ ನುಡಿಗೆ ನೀ ಅಡ್ಡದಾರಿ ಹಿಡೀತಿ" ಎಂದು ಐದೂ ನುಡಿ ಹಾಡಿಯೇ ಬಿಟ್ಟಳು.

ರೆಕಾರ್ಡಿಂಗು ಹಚ್ಚಿ ಕೇಳಿದರೆ ಕೀಬೋರ್ಡಿನ ಧ್ವನಿ ಇಲ್ಲವೇ ಇಲ್ಲ. ವೈರು ಹಾಕಿದ ಭರದಲ್ಲಿ, ಧ್ವನಿಯನ್ನು ಅದರಿಂದಲೇ ತಗೋ ಎಂದು ಕಂಪ್ಯೂಟರಿಗೆ ಹೇಳಲು ಮರೆತಿದ್ದೆ. ಅದು ತನ್ನ ಮೈಕಿನಲ್ಲಿ ಕೋಣೆಯನ್ನು ಕೇಳಿಸಿಕೊಂಡಿತ್ತು: ಅಕ್ಕನ ಹಾಡು, ನನ್ನ ನಿಟ್ಟುಸಿರು, ಉದ್ದಕ್ಕೂ ಕೀಗಳ ಟಪ್ ಟಪ್. ಕರೆಂಟು, ಟ್ರ್ಯಾಕ್ಟರು ಎರಡಕ್ಕೂ ಚಿಂತಿಸಿದ್ದವನಿಗೆ, ನನ್ನ ಬಗ್ಗೆಯೂ ಚಿಂತಿಸಬೇಕಿತ್ತೆಂದು ಹೊಳೆದಿರಲಿಲ್ಲ.

"ಇನ್ನೊಮ್ಮೆ ಮಾಡೋಣ" ಎಂದೆ. ಅಕ್ಕ ಬಿಸಿನೀರಿನ ಲೋಟ ಹಿಡಿದು ಬೇಡವೆಂದು ಕೈಯಾಡಿಸಿದಳು. ಅಷ್ಟರಲ್ಲೇ ದನಿ ಕಟ್ಟಿತ್ತು. ನಾನು ವೈರು ಸುತ್ತತೊಡಗಿದೆ. ಅವಳು ಹಾಡನ್ನು ಇನ್ನೊಮ್ಮೆ ಹಚ್ಚಿಸಿ ಕೇಳಿದಳು.

"ಅಳಸಬ್ಯಾಡ" ಎಂದಳು ಪಿಸುದನಿಯಲ್ಲಿ. "ಟಪ್ ಟಪ್ ಅನ್ನೂದು ಅವ್ವ ರೊಟ್ಟಿ ಬಡದಂಗ ಐತಿ." ಲೋಟ ಕೆಳಗಿಟ್ಟು, "ನೀ ಪೇಟಿ ಇಷ್ಟ ಚಂದ ಎಂದೂ ಬಾರಿಸಿದ್ದಿಲ್ಲ."

ಫೋನಿಗೊಂದು, ಪೆನ್‌ಡ್ರೈವಿಗೊಂದು ಪ್ರತಿ ಇಳಿಸಿಕೊಂಡೆ. ಮರುದಿನ ಹುಬ್ಬಳ್ಳಿ ಬಸ್ಸಿನಲ್ಲಿ, ಐದೂ ನುಡಿ ಇವೆಯೋ ಇಲ್ಲವೋ ಎಂದು ಮತ್ತೆ ಇಯರ್‌ಫೋನ್ ಹಾಕಿಕೊಂಡೆ. ಅಕ್ಕ ಒಂದು ತುದಿಯನ್ನು ಕಿತ್ತು ತನ್ನ ಕಿವಿಗಿಟ್ಟುಕೊಂಡಳು.