ಹಾಡಿದವಳ ಪಾಲು

ಭಾನುವಾರ ಮಧ್ಯಾಹ್ನ ಕಂಪ್ಲಿಯ ನಮ್ಮ ಮನೆಯಲ್ಲಿ ದೊಡ್ಡಪ್ಪ ಗ್ರಾಮಫೋನು ಹಚ್ಚುತ್ತಿದ್ದ. ಪಡಸಾಲೆಯ ತುಂಬ ಓಣಿಯ ಜನ ಕೂತಿರುತ್ತಿದ್ದರು. ಒಳಗೆ ಅವ್ವ ಒಬ್ಬಳೇ ಎಲ್ಲರಿಗೂ ಮಿರ್ಚಿ ಕರಿಯುತ್ತಿದ್ದಳು. ಮೊದಲ ತಟ್ಟೆಯನ್ನು ಅಜ್ಜಿ ಅರಿಸಿನ ಕುಂಕುಮದ ಜೊತೆ ಗ್ರಾಮಫೋನಿನ ಮುಂದೆ ಇಡುತ್ತಿದ್ದಳು. ಮನೆಗೆ ಬಂದು ಹಾಡಿದ ಹೆಣ್ಣುಮಗಳನ್ನು ಬರಿಗೈಲಿ ಕಳಿಸಬಾರದೆಂಬುದು ನಮ್ಮ ಕಡೆಯ ರೂಢಿ.

“ಯವ್ವಾ, ಪೆಟ್ಟಿಗ್ಯಾಗ ಯಾರೂ ಇಲ್ಲ,” ಎಂದು ದೊಡ್ಡಪ್ಪ ನಗುತ್ತಿದ್ದ.

“ನನಗೂ ಗೊತ್ತೈತಿ. ನೀ ಸುಮ್ನ ಹಾಡು ಹಚ್ಚು,” ಎನ್ನುತ್ತಿದ್ದಳು ಅಜ್ಜಿ.

ಹಾಡು ಮುಗಿಯುತ್ತಲೇ ಆಕೆ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿ, “ಹಾಡ್ದಾಕಿ ಪಾಲು ಹೆಣ್ಣಿಗೇ ಸೇರಬೇಕು, ತಿನ್ನು,” ಎಂದು ಅವ್ವನ ಕೈಗೆ ಕೊಡುತ್ತಿದ್ದಳು.

ಕರಿದವಳು ಕಡೆಗೆ ತಿನ್ನಬೇಕೆಂಬುದು ನಮ್ಮ ಮನೆಯ ಹಾಳು ಕಟ್ಟಳೆ. ಅವ್ವನ ಬಾಯಿಗೆ ಬಿಸಿ ಮಿರ್ಚಿ ಬಿದ್ದದ್ದು ಆ ಕಾಣದ ಹಾಡುಗಾತಿಯ ಹೆಸರಿನಲ್ಲೇ.